ಚಿಕ್ಕಬಳ್ಳಾಪುರದ ಮೊದಲ ಚಳಿಗಾಲ: ಯಾವ ಸ್ವೆಟರ್ ತಗೊಳ್ಳೋದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ರಾಯಚೂರಿನವರು. ಈ ಜೂನ್‌ನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದೆವು. ಬಿ.ಬಿ. ರಸ್ತೆಯ ಹತ್ತಿರ ಬಾಡಿಗೆ ಮನೆ. ದೀಪಾವಳಿ ಕಳೆದದ್ದೇ ತಡ, ಬೆಳಗ್ಗೆ ನೆಲಕ್ಕೆ ಕಾಲಿಡೋಕೆ ಆಗುತ್ತಿಲ್ಲ. ನಮ್ಮ ಕಡೆ ಥಂಡಿ ಅಂದರೆ ಒಂದು ಚಾದರ ಹೊದ್ದರೆ ಸಾಕು. ಸ್ವೆಟರ್ ಕೊಂಡು ನಮಗೆ ರೂಢಿಯೇ ಇಲ್ಲ.

ಮನೆಯವರು ಬೆಳಗ್ಗೆ 5 ಗಂಟೆಗೆ ಬೈಕ್‌ನಲ್ಲಿ ದೇವನಹಳ್ಳಿಗೆ ಡ್ಯೂಟಿಗೆ ಹೋಗುತ್ತಾರೆ. ಮಗಳಿಗೆ 4 ವರ್ಷ. ಏಳೂವರೆಗೆ ಸ್ಕೂಲ್ ವ್ಯಾನ್ ಬರುತ್ತದೆ. ಉಲ್ಲನ್ ಹಾಕಿದರೆ ಕುತ್ತಿಗೆ ಕೆರೆದುಕೊಂಡು ಅಳುತ್ತಾಳೆ. ಅತ್ತೆಯವರಿಗೆ 68 ವರ್ಷ. ಸೀರೆ ಮೇಲೆ ಸ್ವೆಟರ್ ಹೇಗೆ ಹಾಕೋದು, ಚೆನ್ನಾಗಿ ಕಾಣಲ್ಲ ಅಂತಾರೆ. ರಾತ್ರಿಯೆಲ್ಲ ಕೆಮ್ಮು. ಆನ್‌ಲೈನ್‌ನಲ್ಲಿ ನೋಡಿದರೆ ಕಾರ್ಡಿಗನ್, ಪುಲ್ಲೋವರ್, ಫ್ಲೀಸ್ ಅಂತ ಏನೇನೋ ಹೆಸರು. ಯಾರಿಗೆ ಯಾವುದು, ಎಷ್ಟು? ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ, ದಯವಿಟ್ಟು ಹೇಳಿ.

ಚಿಕ್ಕಬಳ್ಳಾಪುರದಿಂದ, ಸ್ವೆಟರ್ ಹೆಣೆಯುವವರು

ಅಮ್ಮಾ, ಮೊದಲು ಒಂದು ಮಾತು. ದಪ್ಪ ಸ್ವೆಟರ್ ತಗೋಬೇಡಿ. ನಮ್ಮ ಊರಿಗೆ ಹೊಸದಾಗಿ ಬಂದವರು ಬಹಳ ಜನ ಈ ತಪ್ಪು ಮಾಡುತ್ತಾರೆ. ಒಂದು ವಾರ ಹಾಕಿ ಮೂಲೆಗೆ ಇಡುತ್ತಾರೆ.

ಇಲ್ಲಿಯದು ಬೆಳಗಿನ ಚಳಿ. ಡಿಸೆಂಬರ್, ಜನವರಿಯಲ್ಲಿ ನಸುಕಿಗೆ 12-15 ಡಿಗ್ರಿಗೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 26-27 ಡಿಗ್ರಿ ಬಿಸಿಲು. ಹತ್ತು ಗಂಟೆಯಾದರೆ ಎಲ್ಲರೂ ಸ್ವೆಟರ್ ಬಿಚ್ಚಿ ಕೈಯಲ್ಲಿ ಹಿಡಿದಿರುತ್ತಾರೆ, ಇಲ್ಲ ಸೊಂಟಕ್ಕೆ ಕಟ್ಟಿರುತ್ತಾರೆ. ಹಾಗಾಗಿ ಬೇಗ ಬಿಚ್ಚೋಕೆ, ಮಡಿಸಿ ಚೀಲಕ್ಕೆ ಹಾಕೋಕೆ ಆಗುವಂಥದ್ದು ಬೇಕು. ಒಂದು ದಪ್ಪನೆಯದಕ್ಕಿಂತ ಎರಡು ತೆಳುವಾದವು ಜಾಸ್ತಿ ಬೆಚ್ಚಗಿರುತ್ತವೆ. ಮೈ ಬಿಸಿಯನ್ನು ಹಿಡಿದಿಡುವುದು ದಾರಕ್ಕಿಂತ ಹೆಚ್ಚಾಗಿ ದಾರದ ಸಂದಿಯಲ್ಲಿ ನಿಂತ ಗಾಳಿ. ಎರಡು ಬಟ್ಟೆಯ ನಡುವೆಯೂ ಆ ಗಾಳಿ ನಿಲ್ಲುತ್ತದೆ.

ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ನಾನು ಹೆಣೆದದ್ದರಲ್ಲಿ ಮುಕ್ಕಾಲು ಪಾಲು ಸೀರೆ ಉಡುವವರಿಗೇ. ಅವರಿಗೆ ಮುಂದೆ ಗುಂಡಿ ಇರುವ, ವೀ ನೆಕ್ ಸ್ವೆಟರ್ ಬೇಕು. ಅಂಗಡಿಯಲ್ಲಿ ಅದನ್ನೇ ಕಾರ್ಡಿಗನ್ ಅಂತಾರೆ. ತಲೆಯ ಮೇಲಿಂದ ಎಳೆದುಕೊಳ್ಳುವುದು ಬೇಡ. ತುರುಬು ಕೆದರುತ್ತದೆ, ತಾಳಿ ಸಿಕ್ಕಿಕೊಳ್ಳುತ್ತದೆ, ಕೈ ಎತ್ತಲು ವಯಸ್ಸಾದವರಿಗೆ ಕಷ್ಟ. ತೋಳಿನ ತುದಿ ಬಿಗಿ ಇರಬಾರದು, ಬಳೆ ಒತ್ತುತ್ತದೆ. ಬ್ಲೌಸ್ ಅಳತೆಗೆ ಸರಿಯಾಗಿ ಕೊಳ್ಳಬೇಡಿ. ಎದೆ ಸುತ್ತಳತೆಗೆ 4 ಇಂಚು ಸೇರಿಸಿ ನೋಡಿ.

ಹಾಕುವ ರೀತಿ ಎರಡು. ಕೆಲವರು ಸೆರಗು ಒಳಗೆ ಬಿಟ್ಟು ಮೇಲೆ ಸ್ವೆಟರ್ ಹಾಕಿ ಗುಂಡಿ ಹಾಕುತ್ತಾರೆ. ಕೆಲಸ ಮಾಡುವಾಗ ಅದೇ ಅನುಕೂಲ, ಸೆರಗು ಜಾರುವುದಿಲ್ಲ. ಇನ್ನು ಕೆಲವರು ಸ್ವೆಟರ್ ಹಾಕಿ ಅದರ ಮೇಲೆ ಸೆರಗು ಹೊದ್ದುಕೊಳ್ಳುತ್ತಾರೆ. ದೇವಸ್ಥಾನಕ್ಕೆ, ಮದುವೆಗೆ ಹೋಗುವಾಗ ಇದು ಲಕ್ಷಣವಾಗಿ ಕಾಣುತ್ತದೆ. ನನ್ನ ಅತ್ತೆಯೂ ಮೊದಲು ಒಪ್ಪಿರಲಿಲ್ಲ. ಸೀರೆಯ ಅಂಚಿನ ಬಣ್ಣದ ಉಲ್ಲನ್ ತಂದು ಹೆಣೆದುಕೊಟ್ಟೆ. ಆಮೇಲೆ ಹಾಕದೆ ಹೊರಗೆ ಹೋಗುತ್ತಿರಲಿಲ್ಲ.

ಇಲ್ಲಿ ನಮಗೆ ಲೆಕ್ಕ ಅವರೆಕಾಯಿ. ಸೊಗಡವರೆ ಗಾಡಿ ಬೀದಿಗೆ ಬಂತು ಅಂದರೆ ಟ್ರಂಕಿನಿಂದ ಸ್ವೆಟರ್ ಹೊರಗೆ ಬಂತು ಅಂತ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಅಲ್ಲಿವರೆಗೂ ಬೇಕು.

ಗೌರಿಬಿದನೂರು ಕಡೆಯಿಂದ, ಹೂವು ಬೆಳೆಯುವವರು

ನಾನು ಬೈಕ್ ಬಗ್ಗೆ ಮಾತ್ರ ಹೇಳುತ್ತೇನೆ. ಸೇವಂತಿಗೆ ಹಾಕಿಕೊಂಡು ನಸುಕಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಹೋಗಿ ಕಲಿತದ್ದು ಇದು.

ಬೈಕ್ ಮೇಲೆ ಬರೀ ಸ್ವೆಟರ್ ಏನೂ ಪ್ರಯೋಜನವಿಲ್ಲ ಅಕ್ಕ. ಹೆಣಿಗೆ ಅಂದರೆ ಬಲೆ ಇದ್ದ ಹಾಗೆ. ನಿಂತಲ್ಲಿ ಬೆಚ್ಚಗಿರುತ್ತದೆ, 50 ಕಿಲೋಮೀಟರ್ ಸ್ಪೀಡಿನಲ್ಲಿ ಗಾಳಿ ತೂರಿಕೊಂಡು ಒಳಗೆ ಬರುತ್ತದೆ. ಎದೆ ಮರಗಟ್ಟುತ್ತದೆ. ಒಳಗೆ ಕಾಟನ್ ಬನಿಯನ್, ಅದರ ಮೇಲೆ ತೆಳು ಸ್ವೆಟರ್, ಎಲ್ಲದರ ಮೇಲೆ ಗಾಳಿ ತಡೆಯುವ ಜರ್ಕಿನ್. ಈ ಮೂರು ಇದ್ದರೆ ಸಾಕು. ಜರ್ಕಿನ್ ತೆಳುವಾಗಿದ್ದರೂ ನಡೆಯುತ್ತದೆ, ಆದರೆ ಜಿಪ್ ಗಂಟಲಿನ ತನಕ ಬರಬೇಕು. ಮಣಿಕಟ್ಟಿನಲ್ಲಿ ಎಲಾಸ್ಟಿಕ್ ಇರಬೇಕು. ಇಲ್ಲದಿದ್ದರೆ ತೋಳಿನ ಒಳಗೆ ಗಾಳಿ ತುಂಬುತ್ತದೆ.

ಜರ್ಕಿನ್ ಇಲ್ಲದ ದಿನ ನಮ್ಮಪ್ಪ ಶರ್ಟಿನ ಮೇಲೆ, ಸ್ವೆಟರ್ ಒಳಗೆ ಎರಡು ಹಾಳೆ ನ್ಯೂಸ್‌ಪೇಪರ್ ಇಟ್ಟುಕೊಳ್ಳುತ್ತಿದ್ದರು. ನಾನೂ ಇಟ್ಟು ನೋಡಿದ್ದೇನೆ. ನಿಜವಾಗಲೂ ಗಾಳಿ ತಡೆಯುತ್ತದೆ.

ಹೆಲ್ಮೆಟ್ ಒಳಗೆ ದಪ್ಪ ಮಂಕಿ ಕ್ಯಾಪ್ ಹಾಕಬಾರದು. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ, ಬಿದ್ದರೆ ಕಾಪಾಡುವುದಿಲ್ಲ. ತೆಳು ಕಾಟನ್ ಮುಖಗವಸು ಸಿಗುತ್ತದೆ, ಅದು ಸಾಕು. ಮಫ್ಲರ್ ಸುತ್ತಿದರೆ ತುದಿಗಳನ್ನು ಜರ್ಕಿನ್ ಒಳಗೆ ಸೇರಿಸಲು ಹೇಳಿ, ಚಕ್ರಕ್ಕೆ ಸಿಕ್ಕಿಕೊಳ್ಳುವ ಭಯ ಇರುತ್ತದೆ. ಗ್ಲೌಸ್ ಮರೆಯಬೇಡಿ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯೋಕೆ ಆಗಲ್ಲ. ದೇವನಹಳ್ಳಿ ರಸ್ತೆಯಲ್ಲಿ ಜನವರಿಯಲ್ಲಿ ಮಂಜು ಜಾಸ್ತಿ. ಹಾಗಾಗಿ ಕಪ್ಪು ಜರ್ಕಿನ್ ಬದಲು ಹಳದಿ ಅಥವಾ ಕಿತ್ತಳೆ ಬಣ್ಣದ್ದು ತಗೊಳ್ಳಿ. ಹಿಂದಿನಿಂದ ಬರುವ ಲಾರಿಯವರಿಗೆ ಕಾಣಬೇಕಲ್ವಾ.

ಕೋಲಾರದಿಂದ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದವರು

ಹೆಸರುಗಳ ಗೊಂದಲ ಬಿಡಿಸುತ್ತೇನೆ. ತಲೆಯಿಂದ ಎಳೆದುಕೊಳ್ಳುವುದು ಪುಲ್ಲೋವರ್. ಮುಂದೆ ತೆರೆಯುವುದು ಕಾರ್ಡಿಗನ್. ಟೋಪಿ ಸೇರಿಸಿ ಹೊಲಿದಿರುವುದು ಹೂಡಿ. ಫ್ಲೀಸ್ ಅಂದರೆ ಮೆತ್ತಗೆ ಜೂಲು ಜೂಲಾಗಿರುವ ಪಾಲಿಯೆಸ್ಟರ್ ಬಟ್ಟೆ, ಅದು ಹೆಣಿಗೆ ಉಣ್ಣೆ ಅಲ್ಲ. ಥರ್ಮಲ್ ಅಂದರೆ ಮೈಗಂಟಿಕೊಳ್ಳುವ ಒಳ ಉಡುಪು. ನಮ್ಮ ಗಿರಾಕಿಗಳು ಇದ್ಯಾವುದನ್ನೂ ಹೇಳುತ್ತಿರಲಿಲ್ಲ. 'ಗುಂಡಿದು ಕೊಡಿ', 'ಹಾಫ್ ಸ್ವೆಟರ್ ಕೊಡಿ', 'ಕಾಲರ್ ಇರೋದು ಕೊಡಿ', 'ಚುಚ್ಚದೇ ಇರೋದು ಕೊಡಿ' ಅಂತ ಕೇಳುತ್ತಿದ್ದರು. ನೀವೂ ಹಾಗೇ ಕೇಳಿ, ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ.

ಈಗ ಚುಚ್ಚುವ ವಿಷಯ. ನಾವು ಉಲ್ಲನ್ ಅನ್ನುವುದೆಲ್ಲ ಉಣ್ಣೆ ಅಲ್ಲ. ಇಲ್ಲಿ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಅಕ್ರಿಲಿಕ್, ಅಂದರೆ ಪೆಟ್ರೋಲಿಯಂ ಮೂಲದಿಂದ ಮಾಡಿದ ದಾರ. ಕ್ಯಾಶ್ಮಿಲಾನ್ ಅಂತ ನಮ್ಮಮ್ಮಂದಿರು ಹೇಳುತ್ತಿದ್ದದ್ದೂ ಅದೇ ಜಾತಿ. ಕುರಿ ಉಣ್ಣೆ ಎಳೆ ದಪ್ಪ ಇದ್ದಾಗ ಅದರ ತುದಿ ಬಾಗುವುದಿಲ್ಲ, ಚರ್ಮಕ್ಕೆ ಚುಚ್ಚುತ್ತದೆ. ಮೆರಿನೋ ಕುರಿಯ ಉಣ್ಣೆ ಎಳೆ ತುಂಬಾ ಸಣ್ಣ, ಅದಕ್ಕೇ ಚುಚ್ಚುವುದು ಕಡಿಮೆ. ಬೆಲೆ ಮಾತ್ರ ಜಾಸ್ತಿ. ಮಗುವಿಗೆ ಅಷ್ಟು ಖರ್ಚು ಬೇಡ, ಮುಂದಿನ ವರ್ಷಕ್ಕೆ ಆಗುವುದೇ ಇಲ್ಲ. ಒಳಗೆ ಕುತ್ತಿಗೆ ಮುಚ್ಚುವ ಪೂರ್ತಿ ತೋಳಿನ ಕಾಟನ್ ಟೀಶರ್ಟ್ ಹಾಕಿ, ಮೇಲೆ ಸ್ವೆಟರ್ ಹಾಕಿ. ಸ್ವೆಟರ್‌ನ ಹಿಂದಿನ ಲೇಬಲ್ ಕತ್ತರಿಸಿ ತೆಗೆಯಿರಿ. ನನ್ನ ತಂಗಿ ಮಗಳ ಕೆರೆತಕ್ಕೆ ಕಾರಣ ಆ ಲೇಬಲ್ಲೇ ಆಗಿತ್ತು.

ನಾನು ಒಮ್ಮೆ ಆನ್‌ಲೈನ್‌ನಲ್ಲಿ 'ಪ್ಯೂರ್ ಉಲ್ಲನ್' ಅಂತ ನೋಡಿ ತರಿಸಿದೆ. ಬಂದದ್ದು ಪೂರ್ತಿ ಅಕ್ರಿಲಿಕ್. ಅವತ್ತಿನಿಂದ ಹೆಸರು ನೋಡುವುದು ಬಿಟ್ಟಿದ್ದೇನೆ, ಶೇಕಡಾವಾರು ಬರೆದಿರುವ ಸಣ್ಣ ಲೇಬಲ್ ಓದುತ್ತೇನೆ. ಅನುಮಾನ ಬಂದರೆ ಒಳ ಹೊಲಿಗೆಯಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಇದೇ ಕಾರಣಕ್ಕೆ ಅಕ್ರಿಲಿಕ್ ಸ್ವೆಟರ್ ಹಾಕಿಕೊಂಡು ಒಲೆ ಹತ್ತಿರ, ಬೆಂಕಿ ಕಾಯಿಸುವಾಗ ಹುಷಾರು. ಕರಗಿದರೆ ಮೈಗೆ ಅಂಟುತ್ತದೆ.

ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಗೆಯುವುದು ಸುಲಭ, ಬೇಗ ಒಣಗುತ್ತದೆ, ಮಕ್ಕಳಿಗೆ ಅದೇ ಸರಿ. ಆದರೆ ಬೆವರು ಹೀರುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ. ಹಾಗಾಗಿ ದಿನವಿಡೀ ಹಾಕುವ ದೊಡ್ಡವರಿಗೆ ಉಣ್ಣೆ ಬೆರೆತದ್ದು ಮೇಲು.

ಚಳಿಗಾಲದಲ್ಲಿ ಟಿಬೆಟಿಯನ್ನರು ರಸ್ತೆ ಪಕ್ಕ ಸ್ವೆಟರ್ ಅಂಗಡಿ ಹಾಕಿದ್ದರೆ ಅಲ್ಲಿಯೂ ನೋಡಿ. ಮಾಲು ಹೆಚ್ಚಾಗಿ ಲೂಧಿಯಾನದಿಂದ ಬರುತ್ತದೆ. ಕೈಯಿಂದ ಮುಟ್ಟಿ, ಮೈಗೆ ಹಿಡಿದು ನೋಡಿ ಕೊಳ್ಳಬಹುದು. ತೋಳಿನ ಬಾರ್ಡರ್ ಎಳೆದು ಬಿಡಿ. ತಕ್ಷಣ ವಾಪಸ್ ಬಿಗಿಯಾದರೆ ತಗೊಳ್ಳಿ. ಜೋತುಬಿದ್ದರೆ ಬೇಡ.

ಶಿಡ್ಲಘಟ್ಟದಿಂದ

ನಮ್ಮದು ರೇಷ್ಮೆ ಮನೆ. ಚಳಿಗಾಲದಲ್ಲಿ ಹುಳು ಮನೆ ಒಳಗೆ ಕಾವು ಕೊಡುತ್ತೇವೆ. ಹುಳುವಿಗೆ 25 ಡಿಗ್ರಿ ಹತ್ತಿರ ಬೇಕು, ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, ಇನ್ನೂ ಸ್ವಲ್ಪ ಜಾಸ್ತಿ. ಒಳಗೆ ಬೆವರು, ಹೊರಗೆ ಬಂದರೆ ನಡುಕ. ಅದಕ್ಕೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಫ್ ಸ್ವೆಟರ್. ಎದೆ, ಬೆನ್ನು ಬೆಚ್ಚಗಿದ್ದರೆ ಕೈಗೆ ಅಷ್ಟು ಚಳಿ ಹತ್ತುವುದಿಲ್ಲ. ಅಡುಗೆ ಮನೆಯಲ್ಲಿ ಕೆಲಸ ಮಾಡುವ ನಿಮಗೂ ಅದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ತೋಳು ಒದ್ದೆ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಯಾರಾದರೂ ಹಳೇ ಸ್ವೆಟರ್ ಕೊಟ್ಟರೆ ನುಸಿ ಗುಳಿಗೆ ವಾಸನೆ ಇದೆಯಾ ನೋಡಿ. ನಮ್ಮಲ್ಲಿ ಆ ವಾಸನೆಯ ಬಟ್ಟೆ ಹುಳು ಮನೆಯ ಹತ್ತಿರವೂ ಬರುವಂತಿಲ್ಲ. ಮಕ್ಕಳಿಗೂ ಅದು ಒಳ್ಳೆಯದಲ್ಲ. ಹುಟ್ಟಿನಿಂದ ಜಿ6ಪಿಡಿ (ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವ ಕೂಸುಗಳಿಗೆ ಗುಳಿಗೆಯಲ್ಲಿರುವ ನ್ಯಾಫ್ತಲಿನ್‌ನಿಂದ ರಕ್ತಕಣ ಒಡೆದು ಕಾಮಾಲೆ ಬರಬಹುದು. ಒಗೆದು, ಎರಡು ದಿನ ಗಾಳಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ಹಾಕಿ. ಅತ್ತೆಯವರ ಕೆಮ್ಮಿಗೂ ಇದೇ ಮಾತು. ಟ್ರಂಕಿನಲ್ಲಿದ್ದ ರಗ್ಗು, ಶಾಲು ಬಿಸಿಲಿಗೆ ಹಾಕಿ ಚೆನ್ನಾಗಿ ಒದರಿ. ಧೂಳಿಗೇ ಕೆಮ್ಮು ಏಳುತ್ತದೆ. ರಾತ್ರಿಯೆಲ್ಲ ಕೆಮ್ಮು ಅಂದಿರಿ, ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ.

ತುಮಕೂರು ಜಿಲ್ಲೆ ಶಿರಾ ಕಡೆಯಿಂದ

ಎಲ್ಲರೂ ಸ್ವೆಟರ್ ಬಗ್ಗೆಯೇ ಹೇಳಿದ್ದೀರಿ. ಕಂಬಳಿ ಯಾರೂ ನೆನಪು ಮಾಡಲಿಲ್ಲ. ನಮ್ಮ ತಾತ ಕುರಿ ಮೇಯಿಸುತ್ತಿದ್ದರು. ಅವರು ಜೀವನದಲ್ಲಿ ಸ್ವೆಟರ್ ಹಾಕಲಿಲ್ಲ. ಕರಿ ಕಂಬಳಿಯ ಮೂಲೆ ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡರೆ ಚಳಿಗೂ ಅದೇ, ತುಂತುರು ಮಳೆಗೂ ಅದೇ. ರಾತ್ರಿ ಹಾಸಿಗೆಯೂ ಅದೇ. ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಅದಕ್ಕೆ ಹೊಸ ಕಂಬಳಿ ಬಿರುಸು. ಬಳಸಿದ ಹಾಗೆ ಮೆತ್ತಗಾಗುತ್ತದೆ.

ನಿಮ್ಮ ಅತ್ತೆಯವರ ಮಂಚದ ಮೇಲೆ ಹಾಸಿಗೆಗೆ ಒಂದು ಕಂಬಳಿ ಹಾಸಿ, ಅದರ ಮೇಲೆ ಕಾಟನ್ ಬೆಡ್‌ಶೀಟ್ ಹಾಕಿ. ಚಳಿ ಕೆಳಗಿನಿಂದಲೂ ಬರುತ್ತದೆ. ಮೇಲೆ ಎಷ್ಟು ಹೊದಿಸಿದರೂ ಕೆಳಗೆ ತಣ್ಣಗಿದ್ದರೆ ನಿದ್ದೆ ಬರುವುದಿಲ್ಲ. ನಮ್ಮ ಅಜ್ಜಿಗೆ ಕೊನೆಯ ಹತ್ತು ವರ್ಷ ಹೀಗೇ ಮಾಡಿದ್ದೆವು. ಕೈಮಗ್ಗದ ಕಂಬಳಿ ಸಿಕ್ಕರೆ ಅದನ್ನೇ ಕೊಳ್ಳಿ. ನೇಯುವವರ ಮನೆಗಳು ವರ್ಷ ವರ್ಷ ಕಡಿಮೆ ಆಗುತ್ತಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಮನೆಯವರಿಗೆ ಕಿತ್ತಳೆ ಬಣ್ಣದ ಜರ್ಕಿನ್ ತಂದೆವು. ಇವತ್ತು ಡ್ಯೂಟಿಗೆ ತಲುಪಿ ಫೋನ್ ಮಾಡಿ, ಎದೆ ಬೆಚ್ಚಗಿತ್ತು ಅಂದರು. ಮಗಳ ಸ್ವೆಟರ್ ಲೇಬಲ್ ಕತ್ತರಿಸಿದೆ, ಒಳಗೆ ಕಾಟನ್ ಹಾಕಿದೆ. ಅಳಲಿಲ್ಲ. ಭಾನುವಾರ ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡೋಕೆ ಹೋಗಬೇಕು ಅಂತಿದ್ದೇವೆ. ಇದೇ ಸಾಕಾ? ಮತ್ತೆ ಒಗೆಯೋದು ಹೇಗೆ? ಅತ್ತೆಯವರು ಅಂಗಡಿಯಲ್ಲಿ ನಾಲ್ಕು ಸ್ವೆಟರ್ ನೋಡಿ ಒಂದೂ ಒಪ್ಪಲಿಲ್ಲ. ಆದರೆ 'ಆ ಅಮ್ಮ ಸೀರೆ ಅಂಚಿನ ಬಣ್ಣದ್ದು ಹೆಣೆದುಕೊಟ್ಟರಂತಲ್ಲ' ಅಂತ ಎರಡು ಸಲ ಕೇಳಿದರು.

ಚಿಕ್ಕಬಳ್ಳಾಪುರದಿಂದ, ಸ್ವೆಟರ್ ಹೆಣೆಯುವವರು

ಬೆಟ್ಟಕ್ಕೆ ಇದು ಸಾಲದು. ನಂದಿ ಬೆಟ್ಟ 1478 ಮೀಟರ್ ಎತ್ತರ, ಊರಿಗಿಂತ 500 ಮೀಟರ್‌ಗೂ ಜಾಸ್ತಿ. ಊರಿನಲ್ಲಿ ಇರುವುದಕ್ಕಿಂತ ಮೂರು ಡಿಗ್ರಿಯಾದರೂ ಕಡಿಮೆ ಇರುತ್ತದೆ, ಮೇಲೆ ಗಾಳಿ ಬೇರೆ. ಮಗುವಿಗೆ ಕಿವಿ ಮುಚ್ಚುವ ಟೋಪಿ, ಸಾಕ್ಸ್, ಮೇಲೊಂದು ಜರ್ಕಿನ್ ಇರಲಿ. ನಡೆದು ಬೆವರಿದರೆ ಒಂದು ಪದರ ತೆಗೆದುಬಿಡಿ. ಬೆವರಿದ ಬಟ್ಟೆಯಲ್ಲಿ ಗಾಳಿಗೆ ನಿಂತರೆ ಚಳಿ ಇನ್ನೂ ಜಾಸ್ತಿ ಹಿಡಿಯುತ್ತದೆ.

ಒಗೆಯೋಕೆ ತಣ್ಣೀರು ಸಾಕು. ಉಣ್ಣೆ ಬೆರೆತದ್ದಾದರೆ ಬಿಸಿನೀರು ಹಾಕಿ ಉಜ್ಜಲೇಬೇಡಿ. ಎಳೆ ಎಳೆ ಹೆಣೆದುಕೊಂಡು ಕುಗ್ಗಿಬಿಡುತ್ತದೆ, ಮತ್ತೆ ಮೊದಲಿನ ಹಾಗೆ ಆಗಲ್ಲ. ನಾನು ಅಂಟುವಾಳಕಾಯಿ ನೆನೆಸಿ, ಕಿವುಚಿ, ಸೋಸಿದ ನೊರೆಯಲ್ಲಿ ಅದ್ದುತ್ತೇನೆ. ಹಿಂಡಬೇಡಿ, ಅಂಗೈಯಲ್ಲಿ ಒತ್ತಿ ನೀರು ತೆಗೆಯಿರಿ. ಒಣ ಟವೆಲ್ ಮೇಲೆ ಇಟ್ಟು ಚಾಪೆ ಸುತ್ತಿದ ಹಾಗೆ ಸುತ್ತಿ ಒತ್ತಿದರೆ ಉಳಿದ ನೀರೂ ಹೋಗುತ್ತದೆ. ತಂತಿಗೆ ನೇತು ಹಾಕಿದರೆ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತದೆ. ಚಾಪೆ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಮಗುವಿಗೆ ಎರಡು ಸ್ವೆಟರ್ ಇರಲಿ, ಮೋಡ ಹಾಕಿದ ದಿನ ಒಂದು ಒಣಗಲ್ಲ. ಚಳಿಗಾಲ ಮುಗಿದ ಮೇಲೆ ಒಗೆದು, ಪೂರ್ತಿ ಒಣಗಿಸಿಯೇ ಟ್ರಂಕಿಗೆ ಇಡಿ. ಬೆವರು, ಸಾರಿನ ಕಲೆ ಇದ್ದ ಕಡೆಯೇ ನುಸಿ ಮೊದಲು ತಿನ್ನುವುದು. ಅಕ್ರಿಲಿಕ್‌ಗೆ ಆ ಭಯ ಇಲ್ಲ.

ಇನ್ನು ಅತ್ತೆಯವರದು. ಅವರನ್ನು ಕರೆದುಕೊಂಡು ಬನ್ನಿ. ಅವರಿಗೆ ಇಷ್ಟವಾದ ಸೀರೆ ಒಂದು ತರಲಿ, ಅಂಚು ನೋಡಿ ಬಣ್ಣ ಆರಿಸೋಣ. ಪೂರ್ತಿ ತೋಳಿನದಕ್ಕೆ ಅರ್ಧ ಕೆ.ಜಿ. ಉಲ್ಲನ್ ಹತ್ತಿರ ಬೇಕಾಗುತ್ತದೆ. ಬಾರ್ಡರ್‌ಗೆ 12 ನಂಬರ್ ಕಡ್ಡಿ, ಮೈಗೆ 10 ನಂಬರ್. ಒಂದು ಸೀದಾ ಒಂದು ಉಲ್ಟಾ ಹಾಕಿ ಬಾರ್ಡರ್ ಶುರು ಮಾಡಿದರೆ ಸಂಕ್ರಾಂತಿ ಹೊತ್ತಿಗೆ ಮುಗಿಸುತ್ತೇನೆ. ಎಳ್ಳು ಬೀರೋಕೆ ಹೋಗುವಾಗ ಹಾಕಿಕೊಳ್ಳಲಿ. ಬಳೆ ತೊಟ್ಟೇ ಬರಲು ಹೇಳಿ, ತೋಳಿನ ಅಳತೆ ಬಳೆ ಮೇಲೇ ತಗೊಳ್ಳಬೇಕು.