ಒಂದು ಹಂತವನ್ನೂ ಗೆಲ್ಲದೆ ಟೂರ್ ಡಿ ಫ್ರಾನ್ಸ್ ಗೆಲ್ಲುವುದು ಹೇಗೆ?

ಪ್ರಶ್ನೆ: ಗಂಗಾವತಿ ಸೈಕಲ್ ಅಂಗಡಿ

ನನ್ನದು ಸೈಕಲ್ ರಿಪೇರಿ ಅಂಗಡಿ. ಜುಲೈ ತಿಂಗಳಲ್ಲಿ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಟೂರ್ ಡಿ ಫ್ರಾನ್ಸ್‌ನ ಅಂದಿನ ಸ್ಪರ್ಧೆ ಕೊನೆಗೆ ಬಂದಿರುತ್ತದೆ. ಅಂಗಡಿಯ ಹುಡುಗ ಮೊಬೈಲನ್ನು ಗಾಳಿ ಪಂಪಿಗೆ ಆನಿಸಿ ಇಡುತ್ತಾನೆ, ಇಬ್ಬರೂ ನೋಡುತ್ತೇವೆ. 2017ರಲ್ಲಿ ಕ್ರಿಸ್ ಫ್ರೂಮ್ ಒಂದು ಹಂತದಲ್ಲೂ ಮೊದಲು ಬರಲಿಲ್ಲವಂತೆ, ಆದರೂ ಗೆದ್ದವರು ಅವರೇ. ಇದು ಹೇಗೆ? ಇನ್ನೊಂದು, ಹಳದಿ ಜೆರ್ಸಿಯವನ (ಒಟ್ಟು ಲೆಕ್ಕದಲ್ಲಿ ಮುಂದಿರುವವನ) ಮುಂದೆ ಅವನದೇ ತಂಡದವರು ಗಂಟೆಗಟ್ಟಲೆ ತುಳಿಯುತ್ತಾರಲ್ಲ, ಅವರಿಗೆ ಸಿಗುವುದಾದರೂ ಏನು?

ಉತ್ತರ: ಸಿರುಗುಪ್ಪದ ಓದುಗ

ಒಟ್ಟು 21 ಹಂತಗಳು, ದಿನಕ್ಕೊಂದು. ಪ್ರತಿ ಹಂತಕ್ಕೆ ತೆಗೆದುಕೊಂಡ ಸಮಯವನ್ನು ಕೂಡುತ್ತಾ ಹೋಗುತ್ತಾರೆ, ಮೊತ್ತ ಯಾರದು ಕಡಿಮೆಯೋ ಅವರು ವಿಜೇತರು. ಫ್ರೂಮ್ ಆ ವರ್ಷ ಎರಡನೇ ಸ್ಥಾನದ ರಿಗೊಬೆರ್ಟೊ ಉರಾನ್‌ಗಿಂತ 54 ಸೆಕೆಂಡು ಮುಂದಿದ್ದರು. 1990ರಲ್ಲಿ ಗ್ರೆಗ್ ಲೆಮಾಂಡ್ ಗೆದ್ದದ್ದೂ ಹೀಗೆ, ಒಂದು ಹಂತವನ್ನೂ ಗೆಲ್ಲದೆಯೇ.

ಉತ್ತರ: ಕುಷ್ಟಗಿಯ ಮೇಷ್ಟ್ರು

ಲೆಕ್ಕ ಸರಿಯಾಗಿದೆ. ಆದರೆ ಆ ಸೆಕೆಂಡುಗಳು ಎಲ್ಲಿ ಉಳಿಯುತ್ತವೆ, ಎಲ್ಲಿ ಸೋರುತ್ತವೆ ಎಂಬುದರಲ್ಲಿ ಸ್ಪರ್ಧೆಯ ಜೀವವಿದೆ. ಗುಂಪಾಗಿ ಗೆರೆ ದಾಟಿದವರಿಗೆಲ್ಲ ಒಂದೇ ಸಮಯ ಬರೆಯುತ್ತಾರೆ. ಮೊದಲಿಗನಿಗೆ ಹೆಚ್ಚೆಂದರೆ 10 ಸೆಕೆಂಡು ಬೋನಸ್, ಅಂದರೆ ಅಷ್ಟನ್ನು ಅವನ ಒಟ್ಟು ಸಮಯದಿಂದ ಕಳೆಯುತ್ತಾರೆ. ಹಾಗಾಗಿ ಸಮತಟ್ಟು ರಸ್ತೆಯ ಗೆಲುವಿನಿಂದ ಒಟ್ಟು ಲೆಕ್ಕ ಅಷ್ಟಾಗಿ ಕದಲುವುದಿಲ್ಲ. ಕದಲುವುದು ಬೆಟ್ಟದಲ್ಲಿ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್‌ನಲ್ಲಿ, ಮತ್ತೆ ಗಾಳಿಯಲ್ಲಿ.

ಗಾಳಿಯ ವಿಷಯ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಾನು ದೈಹಿಕ ಶಿಕ್ಷಣ ಶಿಕ್ಷಕ. ಬೆಳಿಗ್ಗೆ ಮಕ್ಕಳನ್ನು ಹೊಸಪೇಟೆ ದಿಕ್ಕಿನ ರಸ್ತೆಗೆ ಕರೆದೊಯ್ಯುತ್ತೇನೆ. ಆಷಾಢದಲ್ಲಿ ಗಾಳಿ ಬಲಗಡೆಯಿಂದ ಬಡಿಯುತ್ತದೆ. ಆಗ ಮುಂದಿನವನ ನೇರ ಹಿಂದೆ ನಿಂತರೆ ಮರೆ ಸಿಗುವುದಿಲ್ಲ, ಅವನ ಎಡಕ್ಕೆ ತುಸು ಸರಿಯಬೇಕು. ಅವನ ಹಿಂದಿನವನು ಇನ್ನಷ್ಟು ಎಡಕ್ಕೆ. ಹೀಗೆ ಓರೆ ಸಾಲು ಬೆಳೆದು ರಸ್ತೆಯ ಅಂಚು ಮುಟ್ಟುತ್ತದೆ. ಆಮೇಲೆ ಬರುವ ಹುಡುಗನಿಗೆ ಸಾಲಿನಲ್ಲಿ ಜಾಗವಿಲ್ಲ, ಅವನು ಗಾಳಿಗೆ ಮೈಯೊಡ್ಡಿ ತುಳಿಯುತ್ತಾನೆ. ಒಂದು ಸೈಕಲ್ ಉದ್ದ ಬಿಟ್ಟುಹೋಯಿತೆಂದರೆ ಮತ್ತೆ ಕೂಡುವುದು ಬಹಳ ಕಷ್ಟ. ಫ್ರಾನ್ಸಿನ ಬಯಲಿನಲ್ಲೂ ದೊಡ್ಡ ಗುಂಪು ಒಡೆದು ಚೂರಾಗುವುದು ಹೀಗೆಯೇ.

ಗಾಳಿಮರೆಯಲ್ಲಿರುವವನಿಗೆ ಶ್ರಮ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ತಂಡದಲ್ಲಿ ಎಂಟು ಜನ, ಏಳು ಮಂದಿಯ ಬೆವರು ಒಬ್ಬನ ಕಾಲಿನ ಕಸುವು ಉಳಿಸುವುದಕ್ಕೆ. ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಜೆರ್ಸಿಯೊಳಗೆ ತುಂಬಿಕೊಂಡು ಬರುವವರೂ ಅವರೇ. ಅವರಿಗೆ ಸಂಬಳವಿದೆ. ನಾಯಕ ಗೆದ್ದರೆ ಬಹುಮಾನದ ಹಣವನ್ನು ತಂಡಕ್ಕೆ ಹಂಚಿಬಿಡುವ ಸಂಪ್ರದಾಯವೂ ಇದೆ.

1934ರ ಟೂರ್‌ನಲ್ಲಿ ನಾಯಕನಿಗಾಗಿ ಹೀಗೆ ದುಡಿದ ಸವಾರ ರೆನೆ ವಿಯೆಟ್ಟೊಗೆ 20 ವರ್ಷ. ಪಿರೆನೀಸ್ ಬೆಟ್ಟದ ಇಳಿಜಾರಿನಲ್ಲಿ ನಾಯಕ ಆಂತೊನಿನ್ ಮಾನ್ಯ್ ಅವರ ಚಕ್ರ ಕೆಟ್ಟಿತು. ವಿಯೆಟ್ಟೊ ತನ್ನ ಮುಂದಿನ ಚಕ್ರ ಬಿಚ್ಚಿಕೊಟ್ಟು, ಬೇರೆ ಚಕ್ರ ಬರುವವರೆಗೆ ರಸ್ತೆ ಬದಿಯ ಕಲ್ಲುಗೋಡೆಯ ಮೇಲೆ ಅಳುತ್ತಾ ಕುಳಿತ. ಮರುದಿನ ನಾಯಕ ಮತ್ತೆ ಸಂಕಟದಲ್ಲಿದ್ದಾನೆಂದು ತಿಳಿದಾಗ, ಮುಂದೆ ಹೋಗಿದ್ದವನು ಹಿಂತಿರುಗಿ ಬಂದು ನೆರವಾದ. ಟೂರ್ ಗೆದ್ದದ್ದು ಮಾನ್ಯ್, ವಿಯೆಟ್ಟೊ ಐದನೆಯವನು. ಆ ಐದನೇ ಸ್ಥಾನದ ಮೇಲೆ ನನಗೆ ಇಂದಿಗೂ ಅಪಾರ ಗೌರವ.

ಗಂಗಾವತಿ ಸೈಕಲ್ ಅಂಗಡಿ

ಮೇಷ್ಟ್ರೇ, ಇದನ್ನು ಹುಡುಗನಿಗೆ ಓದಿ ಹೇಳಿದೆ. ಅವನದು ಇನ್ನೊಂದು ಪ್ರಶ್ನೆ: ಗೆರೆಯ ಹತ್ತಿರ ಬಂದು ಬಿದ್ದರೆ ಅಷ್ಟು ದಿನದ ದುಡಿಮೆ ಹೋದಂತೆಯೇ?

ಕುಷ್ಟಗಿಯ ಮೇಷ್ಟ್ರು

ಸಮತಟ್ಟು ಹಂತದ ಕೊನೆಯ 3 ಕಿಲೋಮೀಟರಿನೊಳಗೆ ಬಿದ್ದರೆ, ಬೀಳುವಾಗ ಯಾವ ಗುಂಪಿನಲ್ಲಿದ್ದನೋ ಆ ಗುಂಪಿನ ಸಮಯವನ್ನೇ ಕೊಡುತ್ತಾರೆ. ಬೆಟ್ಟದ ತುದಿಯಲ್ಲಿ ಮುಗಿಯುವ ಹಂತಕ್ಕೆ, ಟೈಮ್ ಟ್ರಯಲ್‌ಗೆ ಈ ರಿಯಾಯಿತಿ ಇಲ್ಲ. ಟೈಮ್ ಟ್ರಯಲ್‌ನಲ್ಲಿ ಗಾಳಿಗೆ ಮರೆಯೂ ಇಲ್ಲ. 1989ರ ಕೊನೆಯ ದಿನ ಲಾರೆಂಟ್ ಫಿಗ್ನಾನ್ ಲೆಮಾಂಡ್‌ಗಿಂತ 50 ಸೆಕೆಂಡು ಮುಂದಿದ್ದರು. ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಒಬ್ಬೊಬ್ಬರೇ ತುಳಿದರು. ಲೆಮಾಂಡ್ ಹ್ಯಾಂಡಲ್‌ಗೆ ಮುಂಚಾಚಿದ ಹಿಡಿ ಜೋಡಿಸಿ, ಮೈ ಬಗ್ಗಿಸಿ ಗಾಳಿ ಸೀಳಿ, 8 ಸೆಕೆಂಡಿನಿಂದ ಟೂರ್ ಗೆದ್ದರು. ಅದಕ್ಕಿಂತ ಕಡಿಮೆ ಅಂತರದಲ್ಲಿ ಇದುವರೆಗೆ ಯಾರೂ ಗೆದ್ದಿಲ್ಲ.

ಹುಡುಗನನ್ನು ಒಂದು ಭಾನುವಾರ ಕುಷ್ಟಗಿಗೆ ಕಳುಹಿಸಿ. ಸೈಕಲ್ ನಾವೇ ಕೊಡುತ್ತೇವೆ. ಹೆಲ್ಮೆಟ್ ಇಲ್ಲದೆ ಮಾತ್ರ ಯಾರನ್ನೂ ಹತ್ತಿಸುವುದಿಲ್ಲ.