ಥೈರಾಯ್ಡ್ ಮಾತ್ರೆ ತಗೊಂಡ್ರೂ ತೂಕ ಇಳೀತಿಲ್ಲ: ನಿಮ್ಮ ಅನುಭವ ಹೇಳ್ತೀರಾ?

ಪ್ರಶ್ನೆ

ನನಗೆ 38 ವರ್ಷ. ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. ದಿನಾ ಒಂದು ಗಂಟೆ ವಾಕಿಂಗ್, ರಾತ್ರಿ ಅನ್ನ ಬಿಟ್ಟಿದ್ದೇನೆ. ಆದರೂ ಮುಳ್ಳು 76 ಕೆಜಿ ಬಿಟ್ಟು ಅಲುಗಾಡುತ್ತಿಲ್ಲ. ಮನೆಯಲ್ಲಿ ‘ಕದ್ದು ತಿಂತೀಯ’ ಅಂತಾರೆ. ಇದೇ ಕಷ್ಟ ಪಟ್ಟವರು ಯಾರಾದರೂ ಇದ್ದೀರಾ?

ಉತ್ತರ 1

ಇದ್ದೇನೆ. ಮೊದಲು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾನೂ ಕೇಳಿ ಅತ್ತಿದ್ದೇನೆ.

ಮಾತ್ರೆ ಹೇಗೆ ತಗೊಳ್ತೀರಿ, ಅದನ್ನು ಹೇಳಿ. ನಾನು ಮೂರು ವರ್ಷ ಮಾತ್ರೆ ನುಂಗಿದ ಕೈಯಲ್ಲೇ ಕಾಫಿ ಲೋಟ ಹಿಡಿಯುತ್ತಿದ್ದೆ. ತಿಂಡಿ ಆದ ಕೂಡಲೇ ಕ್ಯಾಲ್ಸಿಯಂ ಮಾತ್ರೆ. ಡೋಸ್ ಏರಿಸಿದರೂ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಷ್ಟೂ ರಕ್ತಪರೀಕ್ಷೆಯಲ್ಲಿ ಏರುವ ಹಾರ್ಮೋನ್) 9ರ ಕೆಳಗೆ ಬರಲೇ ಇಲ್ಲ. ಕೊನೆಗೆ ಹಾರ್ಮೋನ್ ಡಾಕ್ಟರ್ ಒಬ್ಬರು ‘ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ’ ಅಂದರು. ಆಗ ಗೊತ್ತಾಯಿತು. ಕಾಫಿ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಇವೆಲ್ಲ ಥೈರಾಯ್ಡ್ ಮಾತ್ರೆ ಮೈಗೆ ಹತ್ತದಂತೆ ತಡೆಯುತ್ತವೆ.

ಈಗ ಮಾತ್ರೆ ಬಾಟಲಿ, ನೀರಿನ ಚೊಂಬು ಎರಡೂ ತಲೆದಿಂಬಿನ ಪಕ್ಕದಲ್ಲೇ ಇರುತ್ತವೆ. ಎದ್ದ ತಕ್ಷಣ ಮಾತ್ರೆ. ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ ನಾಲ್ಕು ಗಂಟೆ ಬಿಟ್ಟು. ಎಂಟು ವಾರಕ್ಕೆ ಟಿಎಸ್‌ಎಚ್ 3ಕ್ಕೆ ಬಂತು.

ಆದರೆ ನಿಜ ಹೇಳಬೇಕು: ಇಳಿದಿದ್ದು ಮೂರು ಕೆಜಿ ಮಾತ್ರ. ಥೈರಾಯ್ಡ್ ಕಡಿಮೆಯಾಗಿ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕೆಜಿ. ಅದರಲ್ಲೂ ಜಾಸ್ತಿ ಪಾಲು ಉಪ್ಪು, ನೀರು. ಟಿಎಸ್‌ಎಚ್ ಸರಿಯಿದ್ದೂ ತೂಕ ನಿಂತಿದ್ದರೆ ಬೇರೆ ಕಾರಣ ಹುಡುಕಬೇಕು. ಬೇಗ ಇಳಿಯಲಿ ಅಂತ ನೀವೇ ಡೋಸ್ ಏರಿಸಬೇಡಿ, ಹೃದಯಕ್ಕೆ, ಮೂಳೆಗೆ ತೊಂದರೆ.

ಉತ್ತರ 2

ನನ್ನದು ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ. ಕತ್ತಿನ ಹಿಂದೆ ಕಪ್ಪಾಗಿತ್ತು. ಕೊಳೆ ಅಂದುಕೊಂಡು ಅಮ್ಮ ಕಡಲೆಹಿಟ್ಟು ಹಚ್ಚಿ ಚರ್ಮ ಕೆಂಪಾಗುವವರೆಗೆ ಉಜ್ಜುತ್ತಿದ್ದರು. ಅದು ಕೊಳೆ ಅಲ್ಲ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುವುದರ ಗುರುತು.

ಇನ್ಸುಲಿನ್ ಹೇಳಿದ್ದನ್ನು ಮೈ ಕೇಳದಿದ್ದಾಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಅದು ಜಾಸ್ತಿಯಿದ್ದಷ್ಟೂ ಕೊಬ್ಬು ಕರಗುವುದು ಕಷ್ಟ. ಅಂಡಾಶಯ ಗಂಡು ಹಾರ್ಮೋನನ್ನೂ ಹೆಚ್ಚು ಮಾಡುತ್ತದೆ, ಮುಟ್ಟು ತಪ್ಪುತ್ತದೆ. ನನಗೆ ಐದು ಕೆಜಿ ಇಳಿದಾಗಲೇ ಮುಟ್ಟು ಸರಿಹೋಯಿತು, ಆಗ ನಾನು 81 ಇದ್ದೆ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಒಂದು ಸಲ ಮಾಡಿಸಿ. ಬ್ಲೌಸ್ ಅಳತೆ ಟೇಪ್ ತಗೊಂಡು ಸೊಂಟವನ್ನೂ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಉತ್ತರ 3

ನಾನು ಗಂಡಸು, ಥೈರಾಯ್ಡ್ ಇಲ್ಲ. ಆರು ತಿಂಗಳು ಅರೆಹೊಟ್ಟೆ ಉಂಡು 92ರಿಂದ 78ಕ್ಕೆ ಇಳಿದೆ. ಒಂದೂವರೆ ವರ್ಷದಲ್ಲಿ 87. ನನ್ನ ಸೋಮಾರಿತನವೇ ಕಾರಣ ಅಂತ ತುಂಬಾ ದಿನ ಕೊರಗಿದೆ.

ತೂಕ ಇಳಿದರೆ ಹೊಟ್ಟೆ ತುಂಬಿತು ಅನ್ನಿಸುವ ಲೆಪ್ಟಿನ್ ಹಾರ್ಮೋನ್ ಕುಸಿಯುತ್ತದೆ, ಹಸಿವು ಎಬ್ಬಿಸುವ ಗ್ರೆಲಿನ್ ಏರುತ್ತದೆ. ಸುಮ್ನೆ ಕೂತಾಗ ದೇಹ ಸುಡುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯಲ್ಲಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದ್ದರು, 2016ರಲ್ಲಿ ಫಲಿತಾಂಶ ಬಂತು. ಅಂದಾಜಿಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು ಅವರ ದೇಹ. ಓದಿ ಎದೆ ಹಗುರಾಯಿತು.

ಈಗ ಉಪವಾಸ ಬಿಟ್ಟಿದ್ದೇನೆ. ಊಟಕ್ಕೆ ಹುರುಳಿ ಸಾರು, ಮೊಟ್ಟೆ, ಕಾಳು ಜಾಸ್ತಿ. ವಾರಕ್ಕೆ ಮೂರು ದಿನ ಭಾರ ಎತ್ತುತ್ತೇನೆ. ತಿಂಗಳಿಗೆ ಅರ್ಧ ಕೆಜಿ ಇಳಿಯುತ್ತಿದೆ, ಸಾಕು ನನಗೆ.

ಉತ್ತರ 4

ಬೇರೆ ಮಾತ್ರೆ ಏನಾದರೂ ಇದೆಯಾ? ನನಗೆ ಕೀಲುನೋವಿಗೆ ಕೊಟ್ಟ ಸ್ಟೆರಾಯ್ಡ್‌ನಿಂದ ತೂಕ ಏರಿತ್ತು. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮಾತ್ರೆ ಆದ ಹತ್ತು ನಿಮಿಷಕ್ಕೆ ನಾನೂ ಕಾಫಿ ಕುಡಿಯುತ್ತೇನೆ, ಇಷ್ಟು ದಿನ ಯಾರೂ ಕೇಳಿರಲಿಲ್ಲ. ಕನ್ನಡಿಯಲ್ಲಿ ಕತ್ತು ನೋಡಿಕೊಂಡೆ, ಕಪ್ಪಿದೆ. ಸೋಮವಾರ ಸಕ್ಕರೆ ಪರೀಕ್ಷೆ ಮಾಡಿಸಿ, ರಿಪೋರ್ಟ್ ಬಂದ ಮೇಲೆ ಇಲ್ಲೇ ಹೇಳ್ತೀನಿ.