ಅಕ್ಕನ ರಿಪೋರ್ಟಲ್ಲಿ ಬೈರಾಡ್ಸ್ 4ಎ ಅಂತ ಇದೆ. ಸೂಜಿ ಹಾಕಿಸಲೇಬೇಕಾ?

ಕಾರಟಗಿಯಿಂದ ಪ್ರಶ್ನೆ:
ನಮ್ಮಕ್ಕನಿಗೆ 36 ವರ್ಷ. ನಾಟಿ ಮುಗಿಸಿ ಬಂದು ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಹುಣಸೆ ಬೀಜದಷ್ಟು. ಮೊದಲು ತೋರಿಸಿದ ಕಡೆ "ನೋವಿಲ್ಲ ಅಂದ್ರೆ ಏನೂ ಇಲ್ಲ" ಅಂತ ಗುಳಿಗೆ ಕೊಟ್ಟು ಕಳಿಸಿದರು. ಸುಮ್ನೆ ಎರಡು ತಿಂಗಳು ಹೋಯಿತು. ಈಗ ಗಂಗಾವತಿಯಲ್ಲಿ ಸ್ಕ್ಯಾನ್ ಮಾಡಿಸಿದ್ದೇವೆ. 11 ಮಿ.ಮೀ., ಒಂದು ಕಡೆ ಅಂಚು ಸ್ಪಷ್ಟವಿಲ್ಲ, ಬೈರಾಡ್ಸ್ 4ಎ, ಬಯಾಪ್ಸಿ (ಸೂಜಿ ಹಾಕಿ ಗಂಟಿನ ಚೂರು ತೆಗೆದು ನೋಡುವುದು) ಮಾಡಿಸಿ ಅಂತ ಬರೆದಿದ್ದಾರೆ. "ಚುಚ್ಚಿದ್ರೆ ಗಂಟು ಕೆರಳ್ತದ" ಅಂತ ಅವ್ವ ಅಳುತ್ತಾ ಕೂತಿದ್ದಾಳೆ. 4 ಅಂದರೆ ನಾಲ್ಕನೇ ಸ್ಟೇಜಾ?

ಬಳ್ಳಾರಿಯಿಂದ ಉತ್ತರ:
ಅಲ್ಲವೇ ಅಲ್ಲ ತಂಗಿ. ನಾನು ಡಾಕ್ಟರ್ ಅಲ್ಲ, ಮ್ಯಾಮೋಗ್ರಾಮ್ ಅಂದರೆ ಸ್ತನದ ಎಕ್ಸ್‌ರೇ ತೆಗೆಯುವವಳು. ದಿನಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ. ಸ್ಟೇಜ್ ಬೇರೆ. ಬೈರಾಡ್ಸ್ ಅಂದರೆ ಚಿತ್ರ ನೋಡಿದ ಡಾಕ್ಟರಿಗೆ ಎಷ್ಟು ಅನುಮಾನ ಬಂತು ಅನ್ನುವ ನಂಬರು. 4ಎ ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ರಿಂದ 10. ಹತ್ತರಲ್ಲಿ ಒಂಬತ್ತು ಜನಕ್ಕಾದರೂ ಅದು ಇರುವುದಿಲ್ಲ. ಆ ಉಳಿದವರು ಯಾರು ಅಂತ ಚಿತ್ರ ಹೇಳುವುದಿಲ್ಲ, ಸೂಜಿ ಹೇಳುತ್ತದೆ.

ಫೈಬ್ರೋಅಡಿನೋಮಾ ಅನ್ನುವ ಸಾದಾ ಗಂಟು ಸ್ಕ್ಯಾನಲ್ಲಿ ಶೇಂಗಾ ಕಾಳಿನ ಹಾಗೆ ಅಡ್ಡ ಮಲಗಿರುತ್ತದೆ, ಅಂಚು ನುಣುಪು. ಕೆಟ್ಟದ್ದು ಹೆಚ್ಚಾಗಿ ಎದ್ದು ನಿಂತ ಹಾಗೆ, ಅಂಚಿಗೆಲ್ಲ ಜಾಲಿ ಮುಳ್ಳು. ಆದರೆ ಕೆಲವು ಕೆಟ್ಟವೂ ನುಣ್ಣಗೇ ಕಾಣುತ್ತವೆ. ನೋವಿಲ್ಲ ಅನ್ನುವುದಂತೂ ಸಮಾಧಾನ ಪಡುವ ವಿಷಯವೇ ಅಲ್ಲ.

ಮ್ಯಾಮೋಗ್ರಾಮ್ ಬರೆದುಕೊಟ್ಟರೆ ಅದನ್ನೂ ಮಾಡಿಸಿ. ಉಪ್ಪಿನ ಹರಳಿನಂಥ ಸುಣ್ಣದ ಚುಕ್ಕೆಗಳು ಅದರಲ್ಲೇ ಚೆನ್ನಾಗಿ ಕಾಣುವುದು. ಒತ್ತಿದಾಗ ನೋವಾಗುತ್ತದೆ, ಬೈಸಿಕೊಳ್ಳುವವಳು ನಾನು! ಪೌಡರ್ ಹಚ್ಚಿಕೊಂಡು ಬರಬೇಡಿ, ಅದೂ ಚುಕ್ಕೆ ಥರವೇ ಕಾಣುತ್ತದೆ.

ರಾಯಚೂರಿನಿಂದ ಉತ್ತರ:
ನನಗೆ ಬೈರಾಡ್ಸ್ 3 ಬಂದಿತ್ತು. ಅದಕ್ಕೆ ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್. ಆಗ ಸ್ವಲ್ಪ ದೊಡ್ಡದಾಗಿದೆ ಅಂತ ಬಯಾಪ್ಸಿ ಮಾಡಿದರು. ಮರಗಟ್ಟಿಸಿ, ಸ್ಕ್ಯಾನ್ ನೋಡಿಕೊಂಡೇ ಚುಚ್ಚುತ್ತಾರೆ. ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅಂತ ಸದ್ದು, ಅದಕ್ಕೇ ನಾನು ಜಾಸ್ತಿ ಬೆಚ್ಚಿದ್ದು. ಮಾರನೇ ದಿನ ಜೋಳದ ರೊಟ್ಟಿ ಬಡಿದೆ. ಫೈಬ್ರೋಅಡಿನೋಮಾ ಅಂತ ಬಂತು. ಸೂಜಿಯಿಂದ ಕೆರಳುತ್ತದೆ ಅನ್ನುವುದು ಸುಳ್ಳು ಅಂತ ನಿಮ್ಮವ್ವನಿಗೆ ಹೇಳಿ.

ಕಾರಟಗಿಯಿಂದ:
ಸೋಮವಾರ ಬಳ್ಳಾರಿಗೆ ಹೊರಟಿದ್ದೇವೆ, ಅವ್ವನೂ ಬರುತ್ತಾಳಂತೆ. ಅಕ್ಕ ಕೇಳುತ್ತಿದ್ದಾಳೆ, ಪೌಡರ್ ಬೇಡ ಸರಿ, ಅರಿಶಿಣ?

ಬಳ್ಳಾರಿಯಿಂದ:
ಅದನ್ನೂ ತೊಳೆದುಕೊಂಡು ಬರಲಿ. ಗಂಗಾವತಿಯ ಸ್ಕ್ಯಾನ್ ಫಿಲ್ಮ್ ಮರೆಯಬೇಡಿ.